ಬಂಗುಡೆಗೆ ಮನೆ ಸಿಕ್ಕಿತು, ನಿಮಗೆಲ್ಲ ಥ್ಯಾಂಕ್ಸ್

ನಮ್ಮ ಬೆಕ್ಕು ಬಂಗುಡೆ ಈಗ ಉಡುಪಿಯಲ್ಲಿದ್ದಾನೆ. ದೀಪಾವಳಿಯ ಪಟಾಕಿ ಸದ್ದೆಲ್ಲ ಮುಗಿಯಲಿ ಅಂತ ಕಾದು, ಆಮೇಲೆ ಕರೆದುಕೊಂಡು ಹೋಗಿ ಬಿಟ್ಟು ಬಂದೆವು. ಅವನ ಬಗ್ಗೆ ಕೇಳುತ್ತಿದ್ದವರು, ಹಣ ಕಳಿಸಿದವರು, ಫೋಟೋ ಹಂಚಿದವರು ತುಂಬಾ ಜನ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಲು ನನ್ನಿಂದ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವನು ಮಂಗಳೂರಿನ ದಕ್ಕೆಯ, ಅಂದರೆ ಮೀನಿನ ಬೋಟುಗಳು ನಿಲ್ಲುವ ಬಂದರಿನ, ಬೆಕ್ಕು. ಬೂದು ಮೈ, ಬೆನ್ನಿನ ಮೇಲೆ ಬಂಗುಡೆ ಮೀನಿಗೆ ಇರುವಂಥದ್ದೇ ಕಪ್ಪು ಗೀರುಗಳು. ಹೆಸರಿಟ್ಟವರು ಅಲ್ಲಿ ಮೀನು ಮಾರುವ ಅಕ್ಕಂದಿರು. ನನ್ನ ಮೊದಲ ನಮಸ್ಕಾರ ಅವರಿಗೇ ಸಲ್ಲಬೇಕು.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ದೊಡ್ಡ ಬೋಟುಗಳೆಲ್ಲ ದಕ್ಕೆಯಲ್ಲೇ ಸಾಲಾಗಿ ನಿಂತಿರುತ್ತವೆ. ನಾಡದೋಣಿಯವರು ತಂದದ್ದು, ಹೊರಗಿನಿಂದ ಐಸ್ ಹಾಕಿ ಬಂದದ್ದು, ಅಷ್ಟೇ ಮೀನು. ವ್ಯಾಪಾರವೇ ಕಡಿಮೆ ಇರುವ ಆ ದಿನಗಳಲ್ಲೂ ಅಕ್ಕಂದಿರು ಬೆಕ್ಕುಗಳಿಗೆ ಅಂತ ಮೀನಿನ ತಲೆ ತೆಗೆದಿಡುತ್ತಾರೆ. ಮಳೆಗಾಲದಲ್ಲಿ ಅಲ್ಲಿನ ಬೆಕ್ಕು ಸಪೂರ ಆದರೆ, ಮೀನಿಲ್ಲದೆ ಹಾಗಾಗಿದೆ ಅಂತ ಯಾರಾದರೂ ಸುಮ್ಮನಾಗಿಬಿಡುತ್ತಿದ್ದರು. ಇವರು ಸುಮ್ಮನಾಗಲಿಲ್ಲ. "ಮಗಾ, ಇದಕ್ಕೆ ಹಸಿವು ಉಂಟು. ತಿನ್ನಲಿಕ್ಕೆ ಆಗುವುದಿಲ್ಲ. ನೀನೇ ನೋಡು" ಅಂತ ನನ್ನನ್ನು ಕರೆದು, ಒಂದು ಭೂತಾಯಿ ಮೀನನ್ನು ಅವನ ಮುಂದೆ ಹಾಕಿದರು.

ಬಂಗುಡೆ ಓಡಿ ಬಂದ. ಮೂಸಿದ. ಬಾಯಿಗೆ ಹಾಕಿಕೊಂಡದ್ದೇ ತಡ, ಚೀರಿಕೊಂಡು ಹಿಂದಕ್ಕೆ ಹಾರಿದ. ಮುಂಗಾಲಿನಿಂದ ಬಾಯಿ ಉಜ್ಜಿಕೊಂಡ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದ, ಮತ್ತೆ ಅದೇ ಕತೆ. ಗಲ್ಲದ ಕೆಳಗೆ ಜೊಲ್ಲು ಅಂಟಿ ಕೂದಲು ಗಂಟುಗಟ್ಟಿತ್ತು. ಜೊಲ್ಲಿನಲ್ಲಿ ರಕ್ತ ಇತ್ತು. ನಾಲಿಗೆ ಆಡಿಸಿದರೇ ನೋವು, ಇನ್ನು ಮೈ ನೆಕ್ಕಿಕೊಳ್ಳುವುದು ಎಲ್ಲಿಂದ ಬಂತು. ಆ ಮಳೆಯಲ್ಲಿ ಮೈಯೆಲ್ಲ ಕೊಳೆಯಾಗಿ ಕೂತಿದ್ದ. ಮೀನಿನ ಕ್ರೇಟಿನಲ್ಲಿ ಗೋಣಿ ಹಾಸಿ ಅವನನ್ನು ಕೂರಿಸಿದವರು, "ಬಾಡಿಗೆ ಬೇಡ" ಅಂದು ಪ್ರಾಣಿಗಳ ಶೆಲ್ಟರಿನ ಬಾಗಿಲವರೆಗೆ ರಿಕ್ಷಾದಲ್ಲಿ ಬಿಟ್ಟ ಅಣ್ಣ, ನಿಮ್ಮನ್ನೆಲ್ಲ ಹೇಗೆ ಮರೆಯಲಿ?

ಶೆಲ್ಟರಿನ ಡಾಕ್ಟರು ಬಾಯಿ ತೆರೆದು ನೋಡಿದರು. ಒಸಡು, ಗಂಟಲಿನ ಹತ್ತಿರದ ಮಾಂಸ ಎಲ್ಲ ಕೆಂಪಗೆ ಊದಿಕೊಂಡು ಹುಣ್ಣಾಗಿತ್ತು. ಒಂದೆರಡು ಹನಿ ರಕ್ತ ತೆಗೆದು ಕಿಟ್‌ನಲ್ಲಿ ಪರೀಕ್ಷೆ ಮಾಡಿದಾಗ ಎಫ್‌ಐವಿ ಇದೆ ಅಂತಲೂ ಗೊತ್ತಾಯಿತು. ಬೆಕ್ಕಿನ ರೋಗನಿರೋಧಕ ಶಕ್ತಿಯನ್ನು ನಿಧಾನವಾಗಿ ಕುಗ್ಗಿಸುವ ವೈರಸ್ ಅದು. 1986ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೊದಲು ಪತ್ತೆಯಾದದ್ದು. ಬೀದಿಯಲ್ಲಿ ಜಾಗಕ್ಕಾಗಿ, ಹೆಣ್ಣಿಗಾಗಿ ಕಚ್ಚಾಡುವ ಗಂಡು ಬೆಕ್ಕುಗಳಿಗೇ ಜಾಸ್ತಿ ಬರುತ್ತದೆ. ವಾಸಿ ಮಾಡುವ ಔಷಧಿ ಇಲ್ಲ. ಆದರೆ ಡಾಕ್ಟರು ಆವತ್ತೇ ಹೇಳಿದ ಮಾತು ನಮಗೆ ಧೈರ್ಯ ಕೊಟ್ಟಿತು: ಮನೆಯೊಳಗೆ, ಒಳ್ಳೆಯ ಊಟ ಕೊಟ್ಟು ನೋಡಿಕೊಂಡರೆ ಇಂಥ ಬೆಕ್ಕು ವರ್ಷಗಟ್ಟಲೆ ಆರಾಮವಾಗಿ ಬದುಕುತ್ತದೆ. ಈಗ ಅವನನ್ನು ಕೊಲ್ಲುತ್ತಿರುವುದು ವೈರಸ್ ಅಲ್ಲ, ಬಾಯಿ ನೋವು.

ಈ ಬಾಯಿ ಹುಣ್ಣಿಗೆ ಬರೀ ಮಾತ್ರೆ, ಇಂಜೆಕ್ಷನ್ ಸಾಕಾಗುವುದಿಲ್ಲವಂತೆ. ಹಲ್ಲು ಕೀಳಬೇಕು. ದೊಡ್ಡ ಬೆಕ್ಕಿಗೆ 30 ಹಲ್ಲು. ಅದರಲ್ಲಿ ಹಿಂದಿನ ಹಲ್ಲುಗಳನ್ನೆಲ್ಲ ತೆಗೆದರು. ಬೇರಿನ ಚೂರು ಒಳಗೆ ಉಳಿದರೆ ಹುಣ್ಣು ಮಾಯುವುದಿಲ್ಲ, ಹಾಗಾಗಿ ಎಕ್ಸ್‌ರೇ ಮಾಡಿ ಮಾಡಿ ನೋಡಬೇಕು. ತುಂಬಾ ಹೊತ್ತಿನ ಕೆಲಸ, ಖರ್ಚೂ ಹಾಗೆಯೇ ಇತ್ತು. ನಿಮ್ಮ ಹಣ ಹೋದದ್ದು ಅಲ್ಲಿಗೆ. ಕಾಲೇಜು ಮಕ್ಕಳು ಐವತ್ತು ರೂಪಾಯಿ ಕಳಿಸಿ "ಅಕ್ಕಾ, ಇಷ್ಟೇ ಇರುವುದು" ಅಂತ ಮೆಸೇಜ್ ಹಾಕಿದ್ದರು. ಇಷ್ಟೇ ಅಲ್ಲ ಮಕ್ಕಳೇ. ಅರಿವಳಿಕೆ, ನೋವಿನ ಔಷಧಿ ಎಲ್ಲ ಅದರಿಂದಲೇ ಬಂದದ್ದು. ಅದೇ ಹೊತ್ತಿಗೆ ಬೀಜ ತೆಗೆಸುವ ಆಪರೇಷನ್ನೂ ಮುಗಿಯಿತು.

ಶೆಲ್ಟರಿನಲ್ಲಿ ಬೆಕ್ಕಿನ ಕೋಣೆ ನೋಡಿಕೊಳ್ಳುವ ಅಕ್ಕನ ಬಗ್ಗೆ ಎಷ್ಟು ಬರೆದರೂ ಕಡಿಮೆ. ದಿನಾ ಬೆಳಗ್ಗೆ ಮೀನು ಬೇಯಿಸಿ, ಮುಳ್ಳು ಒಂದೂ ಉಳಿಯದ ಹಾಗೆ ಬೆರಳಲ್ಲೇ ಹಿಚುಕಿ ಹಿಚುಕಿ ನೋಡಿ ಕೊಡುತ್ತಿದ್ದರು. ಉಪ್ಪು, ನೀರುಳ್ಳಿ, ಬೆಳ್ಳುಳ್ಳಿ ಏನೂ ಇಲ್ಲ. ನೀರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ ಅಂತ ನನಗೆ ಹೇಳಿಕೊಟ್ಟವರೂ ಅವರೇ. ಒಂದು ಗೂಡಿನಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಸಲ ಕೈ ತೊಳೆಯುತ್ತಿದ್ದರು, ತಟ್ಟೆಗಳನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದುತ್ತಿದ್ದರು. ಬೆಕ್ಕಿನ ಪಾರ್ವೋ ವೈರಸ್ ಸಾಬೂನಿಗೆ ಜಗ್ಗುವುದಿಲ್ಲ, ನೆಲದಲ್ಲಿ, ಪಾತ್ರೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಎಫ್‌ಐವಿ ಇರುವ ಬೆಕ್ಕಿಗೆ ಅದು ತಗುಲಿದ್ದರೆ ಬಂಗುಡೆ ಉಳಿಯುತ್ತಿರಲಿಲ್ಲ. ಇಂಥವರ ಕೆಲಸ ಯಾವ ಫೋಟೋದಲ್ಲೂ ಬೀಳುವುದಿಲ್ಲ, ಅಲ್ವಾ?

ಅವನು ಚೇತರಿಸಿಕೊಂಡ. ಮೈ ಕೈ ತುಂಬಿಕೊಂಡ. ಆದರೆ ಮನೆ? ಅದು ಆಪರೇಷನ್‌ಗಿಂತ ಕಷ್ಟದ ಮಾತಾಯಿತು. "ಮರಿ ಉಂಟಾ?" "ಪರ್ಷಿಯನ್ ಉಂಟಾ?" ಅಂತ ಕೇಳುವವರೇ ಜಾಸ್ತಿ. ದೊಡ್ಡ ಬೆಕ್ಕು, ಬೀದಿಯದ್ದು, ಅದರ ಮೇಲೆ ಕಾಯಿಲೆ ಅಂದರೆ ಫೋನ್ ಇಟ್ಟುಬಿಡುತ್ತಿದ್ದರು. ಕಾಯಿಲೆ ವಿಷಯ ಮೊದಲೇ ಹೇಳಬೇಡಿ, ಮನೆಗೆ ಹೋಗಿ ಒಗ್ಗಿಕೊಂಡ ಮೇಲೆ ಹೇಳಿದರಾಯಿತು ಅಂತ ಕೆಲವರು ಸಲಹೆ ಕೊಟ್ಟರು. ಡಾಕ್ಟರು ಸುತರಾಂ ಒಪ್ಪಲಿಲ್ಲ. ಮುಚ್ಚಿಟ್ಟು ಕೊಟ್ಟ ಬೆಕ್ಕು ವಾಪಸ್ ಬರುತ್ತದೆ, ಇಲ್ಲಾ ಬೀದಿಗೆ ಹೋಗುತ್ತದೆ ಅನ್ನುವುದು ಅವರ ಅನುಭವ. ಒಂದು ಹಾಳೆಯಲ್ಲಿ ಕನ್ನಡದಲ್ಲೇ ಎಲ್ಲ ಬರೆದುಕೊಟ್ಟರು. ಎಫ್‌ಐವಿ ಮನುಷ್ಯರಿಗೆ ಬರುವುದಿಲ್ಲ, ನಾಯಿಗೂ ಬರುವುದಿಲ್ಲ. ಬೆಕ್ಕಿನಿಂದ ಬೆಕ್ಕಿಗೆ ಹೆಚ್ಚಾಗಿ ಹರಡುವುದು ಆಳವಾಗಿ ಕಚ್ಚಿದಾಗ. ಹೊರಗೆ ಬಿಡಬಾರದು, ಹಸಿ ಮಾಂಸ ಕೊಡಬಾರದು, ಆರು ತಿಂಗಳಿಗೊಮ್ಮೆ ತೋರಿಸಬೇಕು. ಕೇಳಿದವರಿಗೆಲ್ಲ ಆ ಹಾಳೆಯನ್ನೇ ಕಳಿಸಿದೆವು. ಈಗ ಅನಿಸುತ್ತದೆ, ಬಂಗುಡೆಗೆ ಮನೆ ಕೊಡಿಸಿದ್ದು ಆ ಹಾಳೆಯೇ.

"ಇಲ್ಲ" ಅಂದವರಿಗೂ ಥ್ಯಾಂಕ್ಸ್ ಹೇಳಬೇಕು. ಒಂದು ಮನೆಯವರು ಬಂದು, ಅವನನ್ನು ಮಡಿಲಲ್ಲಿ ಕೂರಿಸಿಕೊಂಡು, ಹಾಳೆ ಓದಿ, "ನಮ್ಮಲ್ಲಿ ಈಗಾಗಲೇ ಇರುವ ಎರಡು ಬೆಕ್ಕು ಯಾವಾಗಲೂ ಜಗಳ ಆಡುತ್ತವೆ, ಇದು ಸರಿಯಾಗಲಿಕ್ಕಿಲ್ಲ" ಅಂದರು. ಬೇಜಾರಾಯಿತು, ನಿಜ. ಆದರೆ ಅವರೇ ಆ ಹಾಳೆಯನ್ನು ತಮ್ಮ ಪರಿಚಯದವರಿಗೆಲ್ಲ ಕಳಿಸಿದರು. ಹಾಗೆ ಅದು ಉಡುಪಿಯ ಸಿಸ್ಟರ್ ಕೈ ಸೇರಿತು.

ಸಿಸ್ಟರ್ ಅಂದರೆ ರಿಟೈರ್ ಆದ ನರ್ಸ್. ಫ್ಲಾಟಿನಲ್ಲಿ ಒಬ್ಬರೇ ಇರುವುದು. ಫೋನ್ ಮಾಡಿ, "ಈಗ ಬಾಯಿ ನೋವು ಹೇಗುಂಟು? ಮದ್ದು ಎಷ್ಟು ಹೊತ್ತಿಗೆ ಕೊಡ್ತೀರಿ?" ಅಂತ ಕೇಳಿದರು. ನಾನು ರೋಗದ ಬಗ್ಗೆ ವಿವರಿಸಲು ಹೊರಟರೆ, "ಅದೆಲ್ಲ ಓದಿದ್ದೇನೆ ಮಾರಾಯ್ತಿ, ಬೆಕ್ಕಿನ ವಿಷಯ ಹೇಳು" ಅಂದರು. ಆವತ್ತು ನಾನು ಅತ್ತುಬಿಟ್ಟೆ.

ಬಾಲ್ಕನಿಗೆ ಬಲೆ ಹಾಕಬೇಕಿತ್ತು. ದಕ್ಕೆಯಲ್ಲಿ ಬಲೆ ಹೆಣೆಯುವ ಅಣ್ಣನೊಬ್ಬ ಸುದ್ದಿ ಕೇಳಿ, ದಪ್ಪ ನೈಲಾನ್ ಬಲೆ ಹಿಡಿದುಕೊಂಡು ಬಸ್ಸಿನಲ್ಲಿ ಉಡುಪಿಗೇ ಬಂದ. ಒಂದೊಂದು ಗಂಟನ್ನೂ ಎಳೆದು ನೋಡಿ ಕಟ್ಟಿದ. ಸಿಸ್ಟರ್ ಹಣ ಕೊಡಲು ಹೋದರೆ ಮುಟ್ಟಲಿಲ್ಲ. ಚಾ ಕುಡಿದು, ಬಂಗುಡೆಯ ತಲೆ ಸವರಿ ಹೊರಟುಹೋದ.

ಆಪರೇಷನ್ ಹಣದಲ್ಲಿ ಸ್ವಲ್ಪ ಉಳಿದಿದೆ. ಬೆಕ್ಕಿನ ಕೋಣೆಯಲ್ಲಿ ಈಗ ಒಂದು ಹೆಣ್ಣು ಬೆಕ್ಕಿದೆ. ಮರಿಯಾಗಿದ್ದಾಗ ಬಂದ ಬೆಕ್ಕಿನ ಜ್ವರದಿಂದ ಒಂದು ಕಣ್ಣು ಪೂರ್ತಿ ಹಾಳಾಗಿದೆ, ಅದನ್ನು ತೆಗೆಯದೆ ನೋವು ಹೋಗುವುದಿಲ್ಲ. ಆ ಹಣವನ್ನು ಅವಳಿಗೆ ಬಳಸೋಣ ಅಂತ ಡಾಕ್ಟರೂ ನಾನೂ ಮಾತಾಡಿಕೊಂಡಿದ್ದೇವೆ. ಬಿಲ್ಲುಗಳೆಲ್ಲ ಶೆಲ್ಟರಿನ ಆಫೀಸಿನಲ್ಲಿವೆ, ಯಾರು ಬೇಕಾದರೂ ನೋಡಬಹುದು. ಹಣ ಕಳಿಸಿದವರಲ್ಲಿ ಯಾರಿಗಾದರೂ ಇದು ಬೇಡ ಅನಿಸಿದರೆ ದಯವಿಟ್ಟು ತಿಳಿಸಿ. ನಿಮ್ಮ ಪಾಲಿನದ್ದನ್ನು ವಾಪಸ್ ಕಳಿಸುತ್ತೇವೆ.