ಸ್ವಾರಗೇಟಿನಲ್ಲಿ ಸಿಕ್ಕ ಅಜ್ಜನಿಗೆ

ಅಜ್ಜಾರ, ಹೋದ ಭಾನುವಾರ ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ನೀವು ವಿಜಯಪುರದ ಬಸ್ಸಿಗೆ ಕಾಯುತ್ತಿದ್ದಿರಿ. ನನ್ನ ಕೈಯಲ್ಲಿ ಒಂದು ಮರದ ಬಟ್ಟಲಿತ್ತು. ಸಾಸವಡದ ಹತ್ತಿರ ಗೆಳೆಯನ ಹಳೇ ಕೊಟ್ಟಿಗೆಯಲ್ಲಿ ಸಿಕ್ಕಿದ್ದು. ತಳದಲ್ಲಿ ಮೂರು ತೂತು. ಏನಿದು ಅಂತ ನಮಗ್ಯಾರಿಗೂ ತಿಳಿದಿರಲಿಲ್ಲ.

ಅವ್ವನ ಜೊತೆ ಫೋನಲ್ಲಿ ಮಾತಾಡಿದ್ದು ನಿಮಗೆ ಕೇಳಿಸಿರಬೇಕು. "ತಮ್ಮಾ, ಇದು ಕೂರಿಗಿ ಬಟ್ಟಲ ಅಲ್ಲೇನ?" ಅಂದಿರಿ. ಎತ್ತು ಎಳೆಯುವ ಬಿತ್ತನೆಯ ಕೂರಿಗೆಗೆ ಕಾಳು ಹಾಕುವ ಬಟ್ಟಲು ಅಂತ ಆಗ ತಿಳಿಯಿತು. ಎಷ್ಟು ಖುಷಿಯಾಯಿತು!

ಆಮೇಲೆ ಬರಿಗೈಯಲ್ಲೇ ಬಿತ್ತಿ ತೋರಿಸಿದಿರಿ. ಮುಷ್ಟಿಯಲ್ಲಿ ಜೋಳ ಹಿಡಿದು ಬೆರಳ ಸಂದಿಯಿಂದ ಹದವಾಗಿ ಬಿಡಬೇಕು. ಕಾಳು ಮೂರು ತೂತಿಗೂ ಹಂಚಿಕೊಂಡು, ಬಿದಿರಿನ ಕೊಳವೆಯಲ್ಲಿ ಇಳಿದು, ಮೂರು ಸಾಲಾಗಿ ಹಸಿ ಮಣ್ಣಿಗೆ ಬೀಳುತ್ತದೆ. ಒಂದು ತೂತು ಕಟ್ಟಿಕೊಂಡರೆ ಆ ಸಾಲು ಪೂರ್ತಿ ಖಾಲಿ. ಅದಕ್ಕೇ ಬಿತ್ತುವವರ ಕಣ್ಣು ಕೈ ಎರಡೂ ಇಲ್ಲೇ ಇರಬೇಕು, ಅಲ್ವಾ? ಅಂಚು ಇಷ್ಟು ನುಣುಪಾಗಿದ್ದು ಬಿತ್ತಿದ ಹೆಂಗಸರ ಕೈ ತಾಗಿ ತಾಗಿ ಅಂದಿರಿ. ಆ ಮಾತು ಮನಸ್ಸಿನಲ್ಲೇ ಉಳಿದಿದೆ.

ಗೆಳೆಯನ ಅಜ್ಜಿಗೆ ಹೇಳಿದೆ. "ಹೌದು, ಚಾಡೆ" ಅಂತ ಮರಾಠಿ ಹೆಸರು ನೆನಪಿಸಿಕೊಂಡು, ಬಟ್ಟಲನ್ನು ತೊಡೆಯ ಮೇಲೆ ಇಟ್ಟುಕೊಂಡರು.

ನಿಮ್ಮ ಬಸ್ ಬಂದುಬಿಟ್ಟಿತು, ಹೆಸರು ಕೇಳಲಾಗಲಿಲ್ಲ. ತುಂಬಾ ಧನ್ಯವಾದ, ಅಜ್ಜಾರ.