ಅಪ್ಪನ ಮಂಡಿಗೂ ಸಿಲೋಸೊ ಕೋಟೆಗೂ ಜಗಳವಿಲ್ಲ

ಸಿಂಗಾಪುರ
ಭಾನುವಾರ ರಾತ್ರಿ

ಅಮ್ಮನಿಗೆ ನಮಸ್ಕಾರ. ನಾವೆಲ್ಲ ಕ್ಷೇಮ. ಪುಟ್ಟಿಯ ಶೀತ ಇಳಿದಿದೆ.

ನಿನ್ನ ಕಾಗದ ಓದಿದೆ. ಅಪ್ಪನ ಮಂಡಿ ನೋವಿಗೆ ಹೆದರಿ ಸಿಂಗಾಪುರದ ಟಿಕೆಟ್ ರದ್ದು ಮಾಡಿಸೋ ಮಾತು ಬೇಡ. ಡಾಕ್ಟರು ಎಕ್ಸ್‌ರೇ ನೋಡಿ ಎಡಮಂಡಿ ಸವೆದಿದೆ ಅಂದರೆ, ಮೆಟ್ಟಿಲು ಕಡಿಮೆ ಮಾಡಿ ಅಂತ ಅರ್ಥ, ಮಡಿಕೇರಿ ಬಿಟ್ಟು ಕದಲಬೇಡಿ ಅಂತಲ್ಲ. ಇಲ್ಲಿನ ಸಿಲೋಸೊ ಕೋಟೆ ಅಂದ ಕೂಡಲೇ ನಿನ್ನ ಕಣ್ಣಿಗೆ ಚಿತ್ರದುರ್ಗ ಬಂದಿರಬೇಕು. ಸಿಲೋಸೊದಲ್ಲಿ ಏಳು ಸುತ್ತೂ ಇಲ್ಲ, ಬುರುಜೂ ಇಲ್ಲ. ಸಮುದ್ರದಂಚಿನ ಒಂದು ಗುಡ್ಡ. ಅದರೊಳಗೆ ಬ್ರಿಟಿಷರು 1870ರ ದಶಕದಿಂದ ಸುರಂಗ ಕೊರೆದು, ಮೇಲೆ ಫಿರಂಗಿ ಕೂರಿಸಿದರು, ಅಷ್ಟೆ. ಕೋಟೆ ಇರುವ ದ್ವೀಪದ ಹಳೆ ಹೆಸರು ಬ್ಲಾಕಾಂಗ್ ಮಾತಿ. ಮಲಯ ಭಾಷೆಯಲ್ಲಿ ಮಾತಿ ಅಂದರೆ ಸಾವು, ಅಜ್ಜಿಗೆ ಮಾತ್ರ ಹೇಳಬೇಡ. ಈಗ ಸೆಂತೋಸ ಅಂತಾರೆ, ಅದು ನಮ್ಮ ಸಂತೋಷವೇ.

ಮಂಡಿಗೆ ಕಷ್ಟ ಹತ್ತೋದಕ್ಕಿಂತ ಇಳಿಯೋದರಲ್ಲಿ. ಅದಕ್ಕೇ ದಾರಿ ಹೀಗೆ: ಹಾರ್ಬರ್‌ಫ್ರಂಟ್ ಮೆಟ್ರೋದಲ್ಲಿ ಇಳಿದು, ವಿವೋಸಿಟಿ ಮಾಲಿನ ಮೂರನೇ ಮಹಡಿಗೆ ಲಿಫ್ಟಲ್ಲಿ ಹೋದರೆ ಮಾನೋರೈಲು. ತಲೆಗೆ 4 ಡಾಲರ್, ವಾಪಸು ಬರೋದು ಪುಕ್ಕಟೆ. ಕೊನೆಯ ನಿಲ್ದಾಣ ಬೀಚ್ ಸ್ಟೇಷನ್. ಅಲ್ಲಿಂದ ಎ ನಂಬರಿನ ಬಸ್ಸು, ಅದಕ್ಕೂ ಕಾಸಿಲ್ಲ, ಸಿಲೋಸೊ ಪಾಯಿಂಟಲ್ಲಿ ಇಳಿಸುತ್ತೆ. ಎದುರಿಗೇ ಸ್ಕೈವಾಕ್ ಗೋಪುರ. ಲಿಫ್ಟಿನಲ್ಲಿ ಹನ್ನೊಂದು ಮಹಡಿಯಷ್ಟು ಮೇಲೆ ಹೋಗಿ, ಮರದ ತಲೆಗಳ ಮೇಲಿನ 181 ಮೀಟರ್ ಸೇತುವೆ ದಾಟಿದರೆ ಗುಡ್ಡದ ಮೇಲೇ ಇರ್ತೀರಿ. ಕೋಟೆಗೂ ಟಿಕೆಟಿಲ್ಲ. ನಿನಗೆ ತಲೆಸುತ್ತು ಬಂದರೆ ಕಂಬಿ ಹಿಡಿದು ಎದುರು ನೋಡ್ತಾ ನಡಿ, ಕೆಳಗೆ ನೋಡಬೇಡ.

ಎಲ್ಲರೂ ತಪ್ಪುವುದು ವಾಪಸು ಬರುವಾಗ. "ಇಳಿಜಾರು ತಾನೆ" ಅಂತ ರಸ್ತೆಯಲ್ಲಿ ನಡೆದುಬಿಡ್ತಾರೆ. ಅಪ್ಪ ಅದೇ ಸೇತುವೆ, ಅದೇ ಲಿಫ್ಟಿನಲ್ಲೇ ಇಳಿಯಬೇಕು. ಕೋಟೆಯೊಳಗೆ ಕೆಲವು ಕಡೆ ಏರುತಗ್ಗು, ಮೆಟ್ಟಿಲು ಇವೆ. ಮೆಟ್ಟಿಲಿಗೆ ಮೊದಲು ನೋವಿರುವ ಕಾಲು ಕೆಳಗಿಟ್ಟು, ಆಮೇಲೆ ಒಳ್ಳೆ ಕಾಲು. ಹತ್ತುವಾಗ ಉಲ್ಟಾ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಳಗಿರಬೇಕು. ಹನ್ನೊಂದಾದರೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ, ಮಧ್ಯಾಹ್ನ ಗುಡುಗು ಮಳೆ. ಬೇಗ ಹೋದರೆ ದಾರಿಯಲ್ಲಿ ನವಿಲೂ ಸಿಗುತ್ತೆ.

ಸುರಂಗದಲ್ಲಿ ತೇವ ಇರುತ್ತೆ. ಚಪ್ಪಲಿ ಬೇಡ, ಹಿಡಿತ ಇರುವ ಶೂ ಬೇಕು. ಅಪ್ಪನ ಕನ್ನಡಕಕ್ಕೆ ಮಂಜು ಕಟ್ಟಿದರೆ ಒರೆಸೋಕೆ ಹತ್ತಿಬಟ್ಟೆ ಇರಲಿ. ಮದ್ದುಗುಂಡಿನ ಕೋಣೆ ತಪ್ಪಿಸಬೇಡಿ. ಆ ಕಾಲದ ಮದ್ದಿನ ಕೋಣೆಯೊಳಗೆ ದೀಪ ಒಯ್ಯುವಂತಿರಲಿಲ್ಲ. ಪಕ್ಕದ ಓಣಿಯಲ್ಲಿ ದೀಪ ಇಟ್ಟು, ದಪ್ಪ ಗಾಜಿನ ಕಿಟಕಿಯಿಂದ ಬೆಳಕು ಬಿಡುತ್ತಿದ್ದರು. ಕೆಲಸದವರು ಕಬ್ಬಿಣದ ಮೊಳೆ ಇರುವ ಬೂಟು ಬಿಚ್ಚಿ, ಕಿಡಿ ಹಾರದ ಜೋಡು ಮೆಟ್ಟಿ ಒಳಗೆ ಹೋಗಬೇಕಿತ್ತು. ದೇವರ ಮನೆಗೂ ನಮ್ಮಲ್ಲಿ ಇಷ್ಟು ಮಡಿ ಇಲ್ಲ!

ಅಪ್ಪನೂ ಮಾವನೂ ವಾದ ಮಾಡುವ "ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಸಿಂಗಾಪುರದ ಫಿರಂಗಿ ತಪ್ಪು ದಿಕ್ಕಿಗೆ ಇಟ್ಟಿದ್ದರು" ಅನ್ನೋದು ಅರ್ಧ ಸತ್ಯ. ಕಟ್ಟಿದ್ದು ಸಮುದ್ರದ ಕಡೆ ನೋಡಿಕೊಂಡೇ, ಜಪಾನಿನವರು 1942ರ ಫೆಬ್ರವರಿ 8ರ ರಾತ್ರಿ ದೋಣಿ ಏರಿ ಬಂದದ್ದು ಉತ್ತರದ ಜೋಹೋರ್ ಜಲಸಂಧಿ ದಾಟಿ. ಆದರೆ ಹಲವು ಫಿರಂಗಿಗಳು ತಿರುಗಿದವು, ನೆಲದ ಕಡೆಗೂ ಹೊಡೆದವು. ತೊಂದರೆ ಗುಂಡಿನದು. ಹೆಚ್ಚಿನವು ಹಡಗಿನ ಉಕ್ಕು ಸೀಳಲು ಮಾಡಿದ್ದು, ಕೆಸರಲ್ಲಿ ಆಳ ಹೂತುಹೋದ ಮೇಲೆ ಸಿಡಿದರೆ ಚದುರಿದ ಸೈನಿಕರಿಗೆ ಏನಾಗುತ್ತೆ? ಒಂದೇ ವಾರ, ಫೆಬ್ರವರಿ 15ಕ್ಕೆ ಶರಣಾಗತಿ. ಮಾವನಿಗೆ ಇದನ್ನು ಓದಿ ಹೇಳು.

ಕೋಟೆಯಲ್ಲಿ ಎರಡೂ ಶರಣಾಗತಿಗಳ ಮೇಣದ ಬೊಂಬೆಗಳಿವೆ. ಚೆನ್ನಾಗಿವೆ, ಆದರೆ ನಡೆದ ಜಾಗ ಅದಲ್ಲ. ಬ್ರಿಟಿಷರು ಸಹಿ ಹಾಕಿದ್ದು ಬುಕಿತ್ ತಿಮಾದ ಫೋರ್ಡ್ ಕಾರ್ಖಾನೆಯಲ್ಲಿ. 1945ರ ಸೆಪ್ಟೆಂಬರ್ 12ರಂದು ಜಪಾನಿನವರು ಮೌಂಟ್‌ಬ್ಯಾಟನ್ ಮುಂದೆ ಶರಣಾದದ್ದು ಪುರಸಭೆ ಕಟ್ಟಡದಲ್ಲಿ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು, ಆಗ ಬ್ರಿಗೇಡಿಯರ್, ಭಾರತದ ಪರವಾಗಿ ಇದ್ದದ್ದು ಅಲ್ಲೇ. ಮಡಿಕೇರಿಯ ಅವರ ಮನೆ ಸನ್ನಿ ಸೈಡಿಗೆ ಹೋದಾಗಲೆಲ್ಲ ಅಪ್ಪ ಸೆಲ್ಯೂಟ್ ಹೊಡೀತಾರಲ್ಲ, ಅವರಿಗೆ ನಿಜವಾಗಿ ನೋಡಬೇಕಿರೋದು ಆ ಕಟ್ಟಡ. ಈಗ ಅದು ನ್ಯಾಷನಲ್ ಗ್ಯಾಲರಿ: ಲಿಫ್ಟಿದೆ, ಎ.ಸಿ. ಇದೆ, ನೆಲ ಸಮ. ಕೋಟೆಯ ದಿನ ಮಂಡಿ ಊದಿಕೊಂಡರೆ ಗುಡ್ಡ ಬಿಟ್ಟು ನೇರ ಅಲ್ಲಿಗೇ. ಹಾಗಾಗಿ ಏನೂ ಆಗಲ್ಲ, ನಿಜವಾಗಿ ಏನೂ ಆಗಲ್ಲ.

ವಿಮಾನ ನಾಲ್ಕೂವರೆ ಗಂಟೆಯದು. ಓಣಿ ಪಕ್ಕದ ಸೀಟು ಹಾಕಿಸಿದ್ದೀನಿ, ಗಂಟೆಗೊಮ್ಮೆ ಅಪ್ಪನನ್ನ ಎಬ್ಬಿಸಿ ನಡೆಸು. ಮಾತ್ರೆ, ಡಾಕ್ಟರ ಚೀಟಿ, ಮಂಡಿ ಪಟ್ಟಿ ಎಲ್ಲ ಕೈಚೀಲದಲ್ಲೇ. ಅಪ್ಪ "ದೊಡ್ಡ ಪೆಟ್ಟಿಗೆಯಲ್ಲಿದೆ" ಅಂದರೆ ನಂಬಬೇಡ, ತೆಗೆದು ನೋಡು. ಹೊಗೆಸೊಪ್ಪು ಮನೆಯಲ್ಲೇ ಬಿಟ್ಟು ಬರಬೇಕು, ಇಲ್ಲಿ ಅದನ್ನು ತರೋದೇ ಅಪರಾಧ. ಕೋಡುಬಳೆ ತಾ, ಆದರೆ ಮೆಟ್ರೋದಲ್ಲಿ ಡಬ್ಬಿ ಬಿಚ್ಚಬೇಡ, ತಿಂದರೆ 500 ಡಾಲರ್‌ವರೆಗೂ ದಂಡ. ನಲ್ಲಿ ನೀರು ಹಾಗೇ ಕುಡೀಬಹುದು, ನಿಮ್ಮ ಹಾಗೆ ಕಾಯಿಸಬೇಕಿಲ್ಲ. ಊಟದ ಚಿಂತೆಯೂ ಬೇಡ, ಸೆರಂಗೂನ್ ರಸ್ತೆಯಲ್ಲಿ ಎಂ.ಟಿ.ಆರ್. ಇದೆ.

ಆಪರೇಷನ್ ಮಾತನ್ನು ನೀವು ಇಲ್ಲಿಗೆ ಬಂದು ಹೋದ ಮೇಲೆ ನೋಡೋಣ. ದುಡ್ಡಿನ ವಿಷಯ ನನಗೆ ಬಿಡು. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ, ದಿನಕ್ಕೆ ಎಷ್ಟು ದೂರ ನಡೀಬಹುದು ಅಂತ ಕೇಳಿ ಬರೆದುಕೊಂಡು ಬಾ, ಅಪ್ಪನನ್ನ ಕೇಳಬೇಡ, ಅವರು ಹತ್ತು ಮೈಲಿ ಅಂತಾರೆ.

ಪುಟ್ಟಿ ಕರೀತಿದ್ದಾಳೆ. ಅಜ್ಜಿಗೆ ನಮಸ್ಕಾರ.

ನಿನ್ನ
ಸುಧಿ