ಸರಳವಾಗಿ ಮಾತಾಡಿದರೆ ಚಿಕ್ಕವಳಾಗುತ್ತೀಯಾ?

ಪ್ರೀತಿಯ ಪುಟ್ಟಿ,

ಮನೆ ಸುದ್ದಿ ನಿನಗೆ ಗೊತ್ತೇ ಇದೆ, ಬಿಡು. ಪತ್ರದ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, 'ಸರಳವಾಗಿ ಮಾತಾಡಿದರೆ ಇವಳಿಗೇನೂ ಗೊತ್ತಿಲ್ಲ ಅಂದುಕೊಳ್ಳುತ್ತಾರೆ' ಅಂತ. ಎರಡು ದಿನದಿಂದ ಅದೇ ಕೊರೆಯುತ್ತಿದೆ. ಆ ಭಯವನ್ನು ನಾನು ಇಪ್ಪತ್ತು ವರ್ಷ ಸಾಕಿದವನು.

ಮೊದಲ ಸಲ ಮೇಲ್ವಿಚಾರಕನಾದಾಗ ನನ್ನ ಕೈಕೆಳಗೆ 9 ಜನ. ಎಲ್ಲರೂ ನನಗಿಂತ ಕೆಲಸ ಬಲ್ಲವರು. ಅವರೆದುರು ಸಣ್ಣವನಾಗಬಾರದು ಅಂತ 14 ಪುಟದ ಯೋಜನೆ ಬರೆದು ಓದಿದೆ. ಒಬ್ಬ ಹುಡುಗ ಎದ್ದು, 'ಸಾರ್, ಹಾಗಾದರೆ ನಾಳೆ ನಾನೇನು ಮಾಡಲಿ?' ಅಂದ. ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಇನ್ನೂ ದಪ್ಪ ದಪ್ಪ ಪದ ಹಾಕಿ ಅವನನ್ನು ಕೂರಿಸಿದೆ. ಮತ್ತೆ ಅವನು ಏನನ್ನೂ ಕೇಳಲಿಲ್ಲ. ಮುಂದೊಂದು ದಿನ ಕೆಲಸ ಕೆಟ್ಟಿತು. ಅದು ಕೆಡುತ್ತದೆ ಅಂತ ಅವನಿಗೆ ಮೊದಲೇ ಗೊತ್ತಿತ್ತಂತೆ.

ನೋಡು, ಏನೂ ಗೊತ್ತಿಲ್ಲದವನು ನಾನು. ಅದನ್ನು ಮುಚ್ಚಿಟ್ಟಿದ್ದು ಆ 14 ಪುಟ.

2003ರಲ್ಲಿ ಅಮೆರಿಕದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಭೂಮಿಗೆ ಮರಳುವಾಗ ಒಡೆದು 7 ಜನ ಸತ್ತರಲ್ಲ, ಅದರ ತನಿಖೆಯ ವಿಷಯ ಓದಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮೇಲೇರುವಾಗ ಇಂಧನ ಟ್ಯಾಂಕಿನ ಹೊದಿಕೆಯ ಫೋಮ್ ತುಂಡೊಂದು ಕಳಚಿ ರೆಕ್ಕೆಗೆ ಬಡಿದಿತ್ತು. ಹಿಂದೆ ಪರೀಕ್ಷೆ ಮಾಡಿದ್ದು 3 ಘನ ಇಂಚಿನ ತುಂಡಿನಿಂದ, ಬಡಿದದ್ದು ಸುಮಾರು 1920 ಘನ ಇಂಚಿನದು ಅಂತ ಅಂದಾಜು. ನೌಕೆ ಇನ್ನೂ ಮೇಲಿದ್ದಾಗಲೇ ಎಂಜಿನಿಯರುಗಳು ಅಧಿಕಾರಿಗಳಿಗೆ ತೋರಿಸಿದ ಒಂದು ಸ್ಲೈಡಿನ ಕಟ್ಟಕಡೆಯ ಸಾಲಿನಲ್ಲಿ ಈ ಮಾತಿತ್ತು. ತಲೆಬರಹ ಓದಿದವರಿಗೆ ಭಯ ಬೀಳುವಂಥದ್ದೇನೂ ಕಾಣುತ್ತಿರಲಿಲ್ಲ. ಹಾಗಂತ ಸರಳ ಅಂದರೆ ಸುಮ್ನೆ ಮೊಟಕು ಮಾಡುವುದೂ ಅಲ್ಲ. ಸ್ಲೈಡೂ ಚಿಕ್ಕದೇ ಇತ್ತು, ಅಲ್ವಾ?

ನಿನಗೆ ಬುದ್ಧಿ ಹೇಳುವಷ್ಟು ದೊಡ್ಡವನಲ್ಲ ನಾನು. ಆದರೂ, ಹೆದರಿಕೆ ಹುಟ್ಟಿಸುವ ಮಾತನ್ನು ಮೊದಲ ಸಾಲಿನಲ್ಲೇ ಹೇಳಿಬಿಡು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನು. ಸಭೆ ಮುಗಿದ ಮೇಲೆ ಯಾರನ್ನಾದರೂ, 'ನಿನಗೇನು ಅರ್ಥವಾಯಿತು?' ಅಂತ ಕೇಳು. ಪರೀಕ್ಷೆ ಮಾಡುವ ದನಿಯಲ್ಲಿ ಬೇಡ. ಇಷ್ಟೇ ನನಗೆ ತೋಚುವುದು.

ಅಂದುಕೊಳ್ಳುತ್ತಾರೆ ಅಂತ ಬರೆದಿದ್ದೀಯಲ್ಲ, ಒಂದಿಬ್ಬರು ಅಂದುಕೊಳ್ಳಲೂಬಹುದು. ಸುಳ್ಳು ಹೇಳಿ ಸಮಾಧಾನ ಮಾಡಲಾರೆ. ಆದರೆ ಅವರು ಪ್ರಶ್ನೆ ಕೇಳುವುದನ್ನು ನಿಲ್ಲಿಸುವುದಿಲ್ಲ. ನನ್ನವರು ನಿಲ್ಲಿಸಿದ್ದರು.

ಆ ಹುಡುಗನಿಗೂ ಈಗ ತಲೆ ನರೆತಿರಬೇಕು. ಕ್ಷಮೆ ಕೇಳಿ ಬರೆಯಲು ಎಷ್ಟೋ ಸಲ ಕೂತೆ. ಪ್ರತಿ ಸಲವೂ ಉದ್ದವಾಗುತ್ತದೆ. ಹರಿದು ಹಾಕುತ್ತೇನೆ.

ನಿನ್ನ
ದೊಡ್ಡಪ್ಪ